ದೀಪದ ಬೆಲೆ: ಅಶ್ವಶಕ್ತಿಯಿಂದ ಗಡಿಯಾರದವರೆಗೆ



ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ದೂರವಾಣಿಯಲ್ಲಿ ಮಾತನಾಡುತ್ತಾ, ತನ್ನ ಮನೆಯ ವಿದ್ಯುತ್ ದರ ದಿನದಿನಕ್ಕೂ ಬದಲಾಗುತ್ತದೆಂದೂ, ನಾಳೆಯ ದರವನ್ನು ಇಂದೇ ನೋಡಿಕೊಂಡು ಬಟ್ಟೆ ಒಗೆಯುವ ಯಂತ್ರ ಹಾಕುವುದೆಂದೂ ಹೇಳಿದ. "ಮೇಷ್ಟ್ರೇ, ನಮ್ಮೂರಿಗೂ ಇದು ಬರುತ್ತದೆಯೇ?" ಎಂಬುದು ಅವನ ಪ್ರಶ್ನೆ. ಅದಕ್ಕೆ ಒಂದೇ ಮಾತಿನ ಉತ್ತರ ಸಾಲದು. ನಮ್ಮ ನಾಡಿನಲ್ಲಿ ದೀಪಕ್ಕೆ ಬೆಲೆ ಕಟ್ಟಿದ ಬಗೆ ಒಂದೂಕಾಲು ಶತಮಾನದಲ್ಲಿ ಹಲವು ಸಲ ಬದಲಾಗಿದೆ. ಅದನ್ನು ತಿಳಿಯದೆ ಮುಂದಿನದನ್ನು ಹೇಳಲಾಗದು.

1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಯಾವ ಮನೆಗೂ ಅಲ್ಲ. ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಈ ಕಾರ್ಯದ ಫಲವನ್ನು ಕಾಣಲು ಅವರೇ ಬದುಕಿರಲಿಲ್ಲ, 1901ರಲ್ಲಿ ತೀರಿಕೊಂಡಿದ್ದರು. ಗಣಿ ಕಂಪನಿಗಳು ಹಣ ಕೊಡುತ್ತಿದ್ದುದು ವರ್ಷಕ್ಕೆ ಒಂದು ಅಶ್ವಶಕ್ತಿಗೆ ಇಷ್ಟೆಂದು. ಎಷ್ಟು ಬಳಸಿದಿರಿ ಎಂಬುದಕ್ಕಿಂತ ನಿಮಗಾಗಿ ಎಷ್ಟು ಸಾಮರ್ಥ್ಯವನ್ನು ಕಾದಿರಿಸಿದೆ ಎಂಬುದಕ್ಕೆ ಬೆಲೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. 1905ರ ಆಗಸ್ಟ್ 5ರಂದು ಬೆಂಗಳೂರಿನಲ್ಲಿ ವಿದ್ಯುದ್ದೀಪ ಬೆಳಗಿತು. ಅಲ್ಲಿಂದ ಕೂಗಳತೆ ಎನ್ನುವಂತಿದ್ದರೂ ಮಾಗಡಿ ಸೀಮೆಯ ಹಳ್ಳಿಗಳಲ್ಲಿ ಇನ್ನೂ ಎರಡು ತಲೆಮಾರು ಸೀಮೆಎಣ್ಣೆ ಬುಡ್ಡಿಯೇ ಗತಿಯಾಯಿತು.

1957ರಲ್ಲಿ ವಿದ್ಯುತ್ ಮಂಡಲಿ ಸ್ಥಾಪನೆಯಾಯಿತು. ಜೋಗ, ಶರಾವತಿಗಳ ನೀರಿನಿಂದ ಬರುವ ಕರೆಂಟು. ಮೀಟರು ತೋರಿಸಿದ ಯೂನಿಟ್ಟಿಗೆ ಇಷ್ಟು ಪೈಸೆ. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರ ಆರಂಭವಾಗುವವರೆಗೆ ರಾಜ್ಯದ ವಿದ್ಯುತ್ತು ಬಹುಮಟ್ಟಿಗೆ ಮಳೆಯನ್ನೇ ನಂಬಿತ್ತು. ಮಳೆ ಕೈಕೊಟ್ಟ ವರ್ಷ ದರ ಏರುತ್ತಿರಲಿಲ್ಲ, ಕರೆಂಟೇ ಹೋಗುತ್ತಿತ್ತು! ಅಭಾವವನ್ನು ಹಣದಿಂದ ಅಳೆಯದೆ ಕತ್ತಲೆಯಿಂದ ಅಳೆದ ಕಾಲವದು.

ಗುಡೇಮಾರನಹಳ್ಳಿಯ ಸುತ್ತಮುತ್ತ ಬೆಳೆದ ನಿಮಗೆ ನೆನಪಿರಬಹುದು: ನಮ್ಮಲ್ಲಿ ಕರೆಂಟಿಗೆ ಗಡಿಯಾರ ಬಹಳ ಹಿಂದೆಯೇ ಇತ್ತು. ಬೆಲೆ ಹೊತ್ತಿಗೊಂದಾಗಿರಲಿಲ್ಲ, ಆದರೆ ಸರಬರಾಜು ಹೊತ್ತಿಗೊಂದು ತೆರನಾಗಿತ್ತು. ತ್ರೀಫೇಸ್ ಇದ್ದಾಗ ಪಂಪ್‌ಸೆಟ್ಟು ಓಡುತ್ತಿತ್ತು, ಹಿಟ್ಟಿನ ಗಿರಣಿ ತಿರುಗುತ್ತಿತ್ತು. ಸಿಂಗಲ್ ಫೇಸ್‌ನಲ್ಲಿ ದೀಪ ಮಾತ್ರ, ಅದೂ ಕೆಲವು ಸಂಜೆ ಕೆಂಡದ ಬಣ್ಣದಲ್ಲಿ. ಈ ವಾರ ಹಗಲು ಪಾಳಿ, ಮುಂದಿನ ವಾರ ರಾತ್ರಿ ಪಾಳಿ ಎಂದು ಲೈನ್‌ಮನ್ ಹೇಳಿದರೆ ಇಡೀ ಊರಿನ ದಿನಚರಿ ಅದಕ್ಕೆ ತಕ್ಕಂತೆ ತಿರುಗುತ್ತಿತ್ತು. ರಾಗಿಯ ಡಬ್ಬ ಹೊತ್ತು ಗಿರಣಿಯ ಮುಂದೆ ಸಾಲಿನಲ್ಲಿ ಕುಳಿತ ತಾಯಂದಿರು ಫೇಸ್ ಬಂದ ಸದ್ದಿಗೆ ಏಳುತ್ತಿದ್ದರು. ಗಂಡಸರು ನಡುರಾತ್ರಿ ಟಾರ್ಚು ಹಿಡಿದು, ಹಾವಿನ ಭಯದಲ್ಲಿ, ಹಿಪ್ಪುನೇರಳೆ ತೋಟಕ್ಕೆ ನೀರು ಕಟ್ಟಲು ಹೋಗುತ್ತಿದ್ದರು. ಪಂಪ್‌ಸೆಟ್ಟಿಗೆ ಎಂಬತ್ತರ ದಶಕದಲ್ಲಿ ಅಶ್ವಶಕ್ತಿಯ ಲೆಕ್ಕದ ದರ ಬಂದಿತು. 2008ರಿಂದ 10 ಅಶ್ವಶಕ್ತಿಯವರೆಗೆ ಉಚಿತವಾಯಿತು. ಉಚಿತವೆಂದು ಪೇಟೆಯವರು ಮೂದಲಿಸುವುದುಂಟು. ನಿದ್ದೆಗೆಟ್ಟು ತೆತ್ತ ಬೆಲೆ ಯಾವ ಬಿಲ್ಲಿನಲ್ಲೂ ಬರೆದಿರುವುದಿಲ್ಲ ಎಂಬುದು ನನ್ನ ಉತ್ತರ. ಮುಂದೆ ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಯ ಲೈನನ್ನೂ ಪಂಪಿನ ಲೈನನ್ನೂ ಬೇರ್ಪಡಿಸಿದ ಮೇಲೆ ಮನೆಗಳು ಈ ಪಾಳಿಯಿಂದ ಬಿಡುಗಡೆ ಹೊಂದಿದವು, ತೋಟಗಳು ಹೊಂದಲಿಲ್ಲ.

ಇನ್ನು ದಿನದ ದರದ ಮಾತು. 1999ರಲ್ಲಿ ಮಂಡಲಿಯ ಜಾಗಕ್ಕೆ ನಿಗಮವೂ, ದರ ನಿರ್ಧರಿಸಲು ಪ್ರತ್ಯೇಕ ನಿಯಂತ್ರಣ ಆಯೋಗವೂ ಬಂದವು. 2002ರಲ್ಲಿ ನಮ್ಮ ಭಾಗದ ವಿತರಣೆ ಬೆಸ್ಕಾಂ ಪಾಲಾಯಿತು. 2008ರಲ್ಲಿ ದೇಶದಲ್ಲಿ ವಿದ್ಯುತ್ ವಿನಿಮಯ ಕೇಂದ್ರ ಆರಂಭವಾಯಿತು. ನಾಳೆ ಬೇಕಾದ ವಿದ್ಯುತ್ತನ್ನು ಇಂದೇ ಕೂಗಿ ಕೊಳ್ಳುವ ಸಂತೆ ಅದು. ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ರಾಮನಗರದ ಗೂಡಿನ ಮಾರುಕಟ್ಟೆಗೆ ಹೋದವರಿಗೆ ನಿನ್ನೆಯ ದರ ಇಂದಿಲ್ಲ, ಇಂದಿನದು ನಾಳೆಯಿಲ್ಲ ಎಂಬುದು ಗೊತ್ತು. ಗೂಡನ್ನು ಇಟ್ಟುಕೊಂಡು ಕಾಯುವಂತಿಲ್ಲ, ಕಾದರೆ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬರುತ್ತದೆ. ವಿದ್ಯುತ್ತು ಇನ್ನೂ ಆತುರದ ಸರಕು; ಹುಟ್ಟಿದ ಕ್ಷಣವೇ ಯಾರಾದರೂ ಬಳಸಬೇಕು. ಆದುದರಿಂದ ಅಲ್ಲಿ ದಿನಕ್ಕೊಂದಲ್ಲ, ಹದಿನೈದು ನಿಮಿಷಕ್ಕೊಂದರಂತೆ 96 ದರಗಳು. 2022ರ ಬೇಸಿಗೆಯಲ್ಲಿ ಬೆಲೆ ಮಿತಿಮೀರಿದಾಗ ಯೂನಿಟ್ಟಿಗೆ 12 ರೂಪಾಯಿ ಎಂದು ಕೇಂದ್ರ ಆಯೋಗ ಗರಿಷ್ಠ ಮಿತಿ ಹಾಕಿತು. ಮರುವರ್ಷ ಅದನ್ನು 10ಕ್ಕೆ ಇಳಿಸಿತು.

ಆ ಸಂತೆಯ ಬಿಸಿ ಮನೆಯ ಬಿಲ್ಲಿಗೆ ನೇರವಾಗಿ ತಟ್ಟುವುದಿಲ್ಲ, ಸೋರಿಕೊಂಡು ಬರುತ್ತದೆ. ಅದರ ಹೆಸರು ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆ ಶುಲ್ಕ. ಮೊದಲು ಮೂರು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಈ ಬಾಬ್ತು 2023ರಿಂದೀಚೆಗೆ ತಿಂಗಳು ತಿಂಗಳೂ ಬದಲಾಗತೊಡಗಿತು. "ಅಷ್ಟೇ ಯೂನಿಟ್ಟು, ಬಿಲ್ಲು ಮಾತ್ರ ಬೇರೆ" ಎಂದು ನಿಮ್ಮಲ್ಲಿ ಹಲವರು ದೂರಿದ್ದಕ್ಕೆ ಕಾರಣ ಇದೂ ಒಂದು. ಅದೇ ವರ್ಷ ಮಳೆ ಕೈಕೊಟ್ಟು, ಅಕ್ಟೋಬರಿನಲ್ಲಿ ರಾಜ್ಯದ ಖಾಸಗಿ ಉತ್ಪಾದಕರು ರಾಜ್ಯಕ್ಕೇ ವಿದ್ಯುತ್ ಕೊಡಬೇಕೆಂದು ಸರ್ಕಾರ ಕಾಯಿದೆಯ ವಿಶೇಷಾಧಿಕಾರವನ್ನೇ ಬಳಸಬೇಕಾಯಿತು.

2023ರ ಮೇ ತಿಂಗಳ ದರಪಟ್ಟಿಯನ್ನು ಗಣಿತದ ಪಾಠಕ್ಕೆ ಉದಾಹರಣೆಯಾಗಿ ಇಡಬಹುದು. 100 ಯೂನಿಟ್ಟಿನವರೆಗೆ ಯೂನಿಟ್ಟಿಗೆ 4.75 ರೂ.; 100 ದಾಟಿದರೆ ಎಲ್ಲ ಯೂನಿಟ್ಟಿಗೂ 7 ರೂ. ಅಂದರೆ ನೂರಕ್ಕೆ 475 ರೂ., ನೂರೊಂದಕ್ಕೆ 707 ರೂ. ಒಂದು ಯೂನಿಟ್ಟಿಗೆ 232 ರೂಪಾಯಿ! 2024ರ ಏಪ್ರಿಲಿನಲ್ಲಿ ಆಯೋಗ ಈ ಹಂತಗಳನ್ನೇ ತೆಗೆದು ಎಲ್ಲಕ್ಕೂ 5.90 ರೂ. ಮಾಡಿದ್ದು ನ್ಯಾಯವೆಂದೇ ನನ್ನ ಭಾವನೆ. ಈ ನಡುವೆ 2023ರ ಜುಲೈನಿಂದ ಗೃಹಜ್ಯೋತಿ ಬಂದಿತು: ಹಿಂದಿನ ವರ್ಷದ ಸರಾಸರಿಯ ಮೇಲೆ ಶೇ. 10 ಸೇರಿಸಿ, 200 ಯೂನಿಟ್ಟಿನ ಮಿತಿಯೊಳಗೆ ಉಚಿತ. 200 ದಾಟಿದರೆ ಪೂರ್ಣ ಬಿಲ್ಲು. ಹಂತ ಹೋಯಿತು, ಹೊಸ್ತಿಲು ಉಳಿಯಿತು. ಮೊದಲಿನಿಂದ ಮಿತವಾಗಿ ಬಳಸಿದವನಿಗೆ ಕಡಿಮೆ, ಧಾರಾಳವಾಗಿ ಬಳಸಿದವನಿಗೆ ಹೆಚ್ಚು ಎಂಬ ವಿಚಿತ್ರವೂ ಅದರಲ್ಲಿತ್ತು. ತೀರ ಕಡಿಮೆ ಬಳಸುವವರಿಗೆ ಶೇ. 10ರ ಬದಲು 10 ಯೂನಿಟ್ಟು ಕೊಟ್ಟು 2024ರಲ್ಲಿ ಅದನ್ನು ಸ್ವಲ್ಪ ಸರಿಪಡಿಸಿದರು.

ಗೃಹಜ್ಯೋತಿ ಇಲ್ಲದ ಒಂದು ಸಣ್ಣ ಮನೆಯ ಲೆಕ್ಕ ಹಾಕೋಣ. 2025-26ರ ದರದಂತೆ ನಿಗದಿತ ಶುಲ್ಕ ಪ್ರತಿ ಕಿಲೋವ್ಯಾಟಿಗೆ 145 ರೂ., ಯೂನಿಟ್ಟಿಗೆ 5.80 ರೂ., ನಿವೃತ್ತ ನೌಕರರ ಪಿಂಚಣಿ ಬಾಬ್ತು ಯೂನಿಟ್ಟಿಗೆ 36 ಪೈಸೆ. ಎರಡು ಕಿಲೋವ್ಯಾಟ್ ಮಂಜೂರಾದ ಮನೆ 60 ಯೂನಿಟ್ ಬಳಸಿದರೆ 290, 348 ಮತ್ತು 21.60, ತೆರಿಗೆ, ಹೊಂದಾಣಿಕೆ ಶುಲ್ಕ ಬಿಟ್ಟು 659.60 ರೂ. ಹತ್ತು ಯೂನಿಟ್ ಉಳಿಸಿದರೆ 61.60 ರೂ. ಉಳಿತಾಯ. ದೀಪವನ್ನೇ ಹಚ್ಚದಿದ್ದರೂ ಆ 290 ಕದಲುವುದಿಲ್ಲ. ಕೋಲಾರದ ಗಣಿಯ ಅಶ್ವಶಕ್ತಿಯ ಲೆಕ್ಕ ನಮ್ಮ ಅಡುಗೆಮನೆಗೆ ಬಂದು ಕುಳಿತದ್ದು ಹೀಗೆ. ಹಳೆಯ ಮನೆಗಳಲ್ಲಿ ಮಕ್ಕಳೆಲ್ಲ ಪೇಟೆ ಸೇರಿ ಹಿರಿಯರಿಬ್ಬರೇ ಉಳಿದಿದ್ದರೆ, ಮಂಜೂರಾದ ಹೊರೆ ಎಷ್ಟೆಂದು ಬಿಲ್ಲಿನಲ್ಲಿ ಮೊದಲು ನೋಡಿ.

ಹೊತ್ತಿನ ದರದ ನಿಯಮವೂ ಬರೆದಾಗಿದೆ. 2023ರಲ್ಲಿ ಕೇಂದ್ರ ಸರ್ಕಾರ ಗ್ರಾಹಕರ ಹಕ್ಕುಗಳ ನಿಯಮವನ್ನು ತಿದ್ದಿ, ಕೃಷಿಯನ್ನುಳಿದು ಎಲ್ಲ ಬಳಕೆದಾರರಿಗೂ 2025ರ ಏಪ್ರಿಲ್ 1ರೊಳಗೆ ಇದು ಅನ್ವಯವಾಗಬೇಕೆಂದಿತು. ಸ್ಮಾರ್ಟ್ ಮೀಟರ್ ಕೂರಿಸಿದೊಡನೆ ಜಾರಿ ಎಂದಿತು. ಬಿಸಿಲಿನ ಎಂಟು ಗಂಟೆಗಳಲ್ಲಿ ದರ ಕನಿಷ್ಠ ಶೇ. 20 ಕಡಿಮೆ, ಬೇಡಿಕೆ ಏರುವ ಹೊತ್ತಿನಲ್ಲಿ ಮನೆಗಳಿಗೆ ಕನಿಷ್ಠ ಶೇ. 10 ಹೆಚ್ಚು. ಕಾರಣ ದೂರವಿಲ್ಲ: ನೆರೆಯ ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೌರ ಉದ್ಯಾನವಿದೆ, ಸೂರ್ಯ ಮುಳುಗಿದೊಡನೆ ಅದು ನಿಲ್ಲುತ್ತದೆ, ನಾವು ದೀಪ ಹಚ್ಚುವುದು ಆಗಲೇ.

ಹೊತ್ತನ್ನು ಬದಲಿಸಬಲ್ಲ ಕೆಲಸಗಳು ಮನೆಯಲ್ಲಿ ಕೆಲವೇ: ಮೇಲಿನ ತೊಟ್ಟಿಗೆ ನೀರೆತ್ತುವ ಮೋಟಾರು, ರುಬ್ಬುವ ಯಂತ್ರ, ಇಸ್ತ್ರಿಪೆಟ್ಟಿಗೆ, ಬಟ್ಟೆ ಒಗೆಯುವುದು. ಹಗಲು ಮನೆಯಲ್ಲಿರುವ ನನ್ನಂಥ ನಿವೃತ್ತರು ಇವನ್ನು ಮಧ್ಯಾಹ್ನಕ್ಕೆ ಹಾಕಿಕೊಳ್ಳಬಹುದು. ಬೆಳಿಗ್ಗೆ ಕಾರ್ಖಾನೆಯ ಬಸ್ಸು ಹತ್ತಿ ಕತ್ತಲಾದ ಮೇಲೆ ಹಿಂದಿರುಗುವ ನಮ್ಮೂರಿನ ಹೆಣ್ಣುಮಕ್ಕಳು ಅಡುಗೆಯನ್ನೂ ಒಗೆತವನ್ನೂ ಮಕ್ಕಳ ಓದನ್ನೂ ಯಾವ ಹೊತ್ತಿಗೆ ಸರಿಸಬೇಕು? ನಿಯಮ ಬರೆದವರು ಪಂಪ್‌ಸೆಟ್ಟನ್ನು ನೆನೆದು ಕೃಷಿಯನ್ನು ಹೊರಗಿಟ್ಟರು. ಇವರ ಸಂಜೆಯನ್ನು ಯಾರೂ ನೆನೆದಂತಿಲ್ಲ.