ಬೇಳೂರಿನ ಳಕಾರ: ತುರ್ತು ಸಂಪರ್ಕದ ಹವ್ಯಾಸಿ ರೇಡಿಯೊದಲ್ಲಿ ಡಿಜಿಟಲ್ ಧ್ವನಿ ಮತ್ತು ಡಿಜಿಟಲ್ ಬರಹ

ಹವ್ಯಾಸಿ ರೇಡಿಯೊ ಕುರಿತ ಕೈಪಿಡಿಗಳಲ್ಲೂ ಉಪಕರಣ ತಯಾರಕರ ಪುಸ್ತಿಕೆಗಳಲ್ಲೂ ಒಂದು ಏಣಿಯ ಚಿತ್ರ ಮತ್ತೆ ಮತ್ತೆ ಬರುತ್ತದೆ. ಕೆಳಗಿನ ಮೆಟ್ಟಿಲು ಮೋರ್ಸ್, ಅದರ ಮೇಲೆ ಅನಲಾಗ್ ಧ್ವನಿ, ತುದಿಯಲ್ಲಿ ಡಿಜಿಟಲ್. ಪ್ರತಿ ಮೆಟ್ಟಿಲೂ ಹಿಂದಿನದಕ್ಕಿಂತ ಉತ್ತಮ, ಆದ್ದರಿಂದ ವಿಪತ್ತಿನ ಹೊತ್ತಿನಲ್ಲೂ ತುದಿಯ ಮೆಟ್ಟಿಲನ್ನೇ ನೆಚ್ಚಬೇಕು ಎಂಬುದು ಈ ಚಿತ್ರ ಹೇಳದೆಯೇ ಹೇಳುವ ಮಾತು. ಈ ಲೇಖನ ಅದನ್ನು ಒಪ್ಪುವುದಿಲ್ಲ. 'ಡಿಜಿಟಲ್' ಎಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ಕೆಲಸಗಳು ಅಡಗಿವೆ. ಒಂದು, ಮಾತನ್ನು ಅಂಕಿಗಳಾಗಿ ಹಿಂಡಿ ಕಳಿಸುವುದು. ಇನ್ನೊಂದು, ಬರಹವನ್ನು ಬರಹವಾಗಿಯೇ ಕಳಿಸುವುದು. ತುರ್ತು ಸಂದರ್ಭದಲ್ಲಿ ಎರಡನೆಯದರ ಬೆಲೆ ದೊಡ್ಡದು. ಮೊದಲನೆಯದರ ಬೆಲೆಯನ್ನು, ಕನ್ನಡದ ಮಟ್ಟಿಗಂತೂ, ಇನ್ನೂ ತೂಗಿ ನೋಡಬೇಕಾಗಿದೆ.

ವಿವಾದವಿಲ್ಲದ ಸಂಗತಿಗಳನ್ನು ಬೇಗ ಮುಗಿಸುತ್ತೇನೆ. 1999ರ ಒಡಿಶಾ ಚಂಡಮಾರುತ, 2001ರ ಭುಜ್ ಭೂಕಂಪ, 2004ರ ಸುನಾಮಿ ಈ ಮೂರರಲ್ಲೂ ಹವ್ಯಾಸಿ ರೇಡಿಯೊದವರ, ಎಂದರೆ ಹ್ಯಾಮ್‌ಗಳ ನೆರವು ದಾಖಲಾಗಿದೆ. ಸುನಾಮಿ ಅಪ್ಪಳಿಸಿದ ಡಿಸೆಂಬರ್ 26ರಂದು ಹ್ಯಾಮ್ ಭಾರತಿ ಪ್ರಸಾದ್ ಅವರ ತಂಡ ಪೋರ್ಟ್‌ಬ್ಲೇರ್‌ನಲ್ಲಿತ್ತು. ದೂರದೇಶದ ಹ್ಯಾಮ್‌ಗಳೊಡನೆ ಸಂಪರ್ಕ ಸಾಧಿಸಲೆಂದು ಹೂಡಿದ್ದ ಕೇಂದ್ರವೇ ರಾತ್ರಿ ಹಗಲಾಗುವುದರೊಳಗೆ ದ್ವೀಪಗಳ ಕ್ಷೇಮಸಮಾಚಾರದ ಕೇಂದ್ರವಾಯಿತು. ಅಂತರರಾಷ್ಟ್ರೀಯ ರೇಡಿಯೊ ನಿಯಮಾವಳಿಯ 25ನೇ ವಿಧಿಯನ್ನು 2003ರ ವಿಶ್ವ ರೇಡಿಯೊ ಸಮ್ಮೇಳನ ತಿದ್ದಿದ ಮೇಲೆ, ವಿಪತ್ತು ನೆರವಿಗೆ ಹವ್ಯಾಸಿಗಳು ಸಜ್ಜಾಗಲು ಅವಕಾಶ ಕೊಡುವಂತೆ ಸರ್ಕಾರಗಳನ್ನು ಪ್ರೋತ್ಸಾಹಿಸುವ ಮಾತೂ ಬರಹಕ್ಕಿಳಿದಿದೆ. ಕರ್ನಾಟಕದ ಪಾಲೂ ಇಲ್ಲಿ ಸಣ್ಣದಲ್ಲ. 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6 ಹೊತ್ತೊಯ್ದ, ಸುಮಾರು 42 ಕಿಲೋ ತೂಕದ ಹವ್ಯಾಸಿ ರೇಡಿಯೊ ಉಪಗ್ರಹ ಹ್ಯಾಮ್‌ಸ್ಯಾಟ್ ಬೆಂಗಳೂರಿನ ಇಸ್ರೊ ಉಪಗ್ರಹ ಕೇಂದ್ರದ ಕೂಸು. ಅದರ ಟ್ರಾನ್ಸ್‌ಪಾಂಡರ್ ರೇಖೀಯವಾದದ್ದು: ಮೋರ್ಸ್ ಆಗಲಿ, ಮಾತಾಗಲಿ, ದತ್ತಾಂಶವಾಗಲಿ, ಬಂದದ್ದನ್ನು ಬಂದ ಹಾಗೆಯೇ ಹಿಂದಿರುಗಿಸುತ್ತಿತ್ತು. ಯಾವ ವಿಧಾನವೂ ಇನ್ನೊಂದನ್ನು ತಳ್ಳಿಹಾಕದ ಆ ವಿನ್ಯಾಸ ನನಗೆ ಇಂದಿಗೂ ಆದರ್ಶವಾಗಿಯೇ ಕಾಣುತ್ತದೆ.

ಡಿಜಿಟಲ್ ಧ್ವನಿಯಲ್ಲಿ ಹವ್ಯಾಸಿಗಳು ಬಳಸುವ ಮುಖ್ಯ ಪದ್ಧತಿಗಳು ಮೂರು. ಜಪಾನಿನ ಹವ್ಯಾಸಿ ರೇಡಿಯೊ ಸಂಘ ರೂಪಿಸಿದ ಡಿ-ಸ್ಟಾರ್. ಯುರೋಪಿನ ಎಟ್ಸಿ ಸಂಸ್ಥೆ 2005ರಲ್ಲಿ ಪ್ರಕಟಿಸಿದ ಡಿಎಂಆರ್. ಯೇಸು ಕಂಪನಿಯ ಸಿಸ್ಟಂ ಫ್ಯೂಷನ್. ಒಂದರ ಮಾತು ಇನ್ನೊಂದಕ್ಕೆ ನೇರವಾಗಿ ಅರ್ಥವಾಗದು. ನಡುವೆ ಸೇತುವೆ ಬೇಕು, ಸೇತುವೆ ಹೆಚ್ಚಾಗಿ ಇಂಟರ್ನೆಟ್ಟಿನ ಮೇಲೆ ನಿಂತಿರುತ್ತದೆ. ಇವುಗಳ ಲಾಭಗಳು ನಿಜವಾದವು, ಅವನ್ನು ಮರೆಮಾಚಲಾರೆ. ಡಿಎಂಆರ್ 12.5 ಕಿಲೋಹರ್ಟ್ಸ್ ಅಗಲದ ಒಂದೇ ವಾಹಿನಿಯಲ್ಲಿ ಎರಡು ಸಂಭಾಷಣೆಗಳನ್ನು ಸರದಿಯ ಮೇಲೆ ಸಾಗಿಸುತ್ತದೆ. ಕೈಯಲ್ಲಿ ಹಿಡಿಯುವ ಸೆಟ್, ಎಂದರೆ ಹ್ಯಾಂಡಿ, ಅರ್ಧ ಕಾಲ ಮಾತ್ರ ಪ್ರಸಾರ ಮಾಡುವುದರಿಂದ ಬ್ಯಾಟರಿಯೂ ಉಳಿಯುತ್ತದೆ. ಕರೆಂಟಿಲ್ಲದ ಊರಲ್ಲಿ ಉಳಿದ ಬ್ಯಾಟರಿಯ ಬೆಲೆ ಏನೆಂದು ವಿವರಿಸಬೇಕಾಗಿಲ್ಲ.

ಇನ್ನು ಹೊಸ ಸಾಕ್ಷ್ಯಕ್ಕೆ ಬರುತ್ತೇನೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ಅಮೆರಿಕದ ಉತ್ತರ ಕೆರೊಲಿನಾದ ಪಶ್ಚಿಮ ಗುಡ್ಡಗಾಡನ್ನು ಮುಳುಗಿಸಿತು. ವಿದ್ಯುತ್, ಮೊಬೈಲ್, ಇಂಟರ್ನೆಟ್ ಎಲ್ಲವೂ ವಿಶಾಲ ಪ್ರದೇಶದಲ್ಲಿ ಒಟ್ಟಿಗೇ ನಿಂತುಹೋದವು. ಆ ದಿನಗಳಲ್ಲಿ ಜನರಿಗೆ ಆಸರೆಯಾದದ್ದು 2,037 ಮೀಟರ್ ಎತ್ತರದ ಮಿಚೆಲ್ ಶಿಖರದಲ್ಲಿದ್ದ, 145.190 ಮೆಗಾಹರ್ಟ್ಸ್‌ನ ಒಂದು ರಿಪೀಟರ್, ಎಂದರೆ ಬಂದ ಸಂಕೇತವನ್ನು ಮರುಪ್ರಸಾರ ಮಾಡುವ ಕೇಂದ್ರ. ಅದು ಸಾಮಾನ್ಯ ಅನಲಾಗ್ ಎಫ್‌ಎಂ. ಅಗ್ಗದ ಹ್ಯಾಂಡಿ ಇದ್ದವರಿಗೂ ಕೇಳುತ್ತಿತ್ತು. ಪರವಾನಗಿ ಇಲ್ಲದವರೂ ಅದಕ್ಕೆ ಕಿವಿಗೊಟ್ಟು ಯಾವ ರಸ್ತೆ ಕೊಚ್ಚಿಹೋಗಿದೆ, ನೀರು ಎಲ್ಲಿ ಸಿಗುತ್ತದೆ ಎಂದು ತಿಳಿದುಕೊಂಡರು.

ಇದನ್ನು ಅನಲಾಗ್‌ನ ಗೆಲುವು ಎಂದು ಕೂಗುವುದು ಆತುರವಾದೀತು. ಶಿಖರದ ಎತ್ತರವೇ ಅರ್ಧ ಕೆಲಸ ಮಾಡಿತು. ಅಲ್ಲಿ ಡಿಎಂಆರ್ ರಿಪೀಟರ್ ಇದ್ದಿದ್ದರೆ, ಇಂಟರ್ನೆಟ್ ಕೊಂಡಿ ಕಡಿದರೂ ಸ್ಥಳೀಯವಾಗಿ ಅದೂ ನಡೆಯುತ್ತಿತ್ತು. ಹಾಗಾಗಿ ಈ ಘಟನೆ ಸಾಧಿಸಿ ತೋರಿಸುವುದು ಒಂದನ್ನೇ: ಎಲ್ಲರ ಕೈಯಲ್ಲೂ ಇರುವ ಸಲಕರಣೆಗೆ ಅರ್ಥವಾಗುವ ಧ್ವನಿಗೆ ತುರ್ತಿನಲ್ಲಿ ಬೇರೆ ಸಾಟಿ ಇಲ್ಲ. ಧ್ವನಿಯ ಸ್ಪಷ್ಟತೆಯ ಪ್ರಶ್ನೆ ಬೇರೆಯದು, ಈ ಲೇಖನದ ಜಗಳ ಇರುವುದು ಅದರಲ್ಲಿ.

ಡಿಜಿಟಲ್ ಧ್ವನಿ ಸ್ಪಷ್ಟ ಎಂಬ ಹೆಸರು ಪಡೆದದ್ದು ಹಿನ್ನೆಲೆಯ ಸಿರ್ ಸದ್ದು ಇಲ್ಲದ ಕಾರಣಕ್ಕೆ. ಆದರೆ ಸದ್ದಿಲ್ಲದಿರುವುದು ಬೇರೆ, ಅಕ್ಷರ ಅಕ್ಷರವೂ ತಿಳಿಯುವುದು ಬೇರೆ. 2008ರಲ್ಲಿ ಅಮೆರಿಕ ಸರ್ಕಾರದ ಎನ್‌ಟಿಐಎ ಸಂಸ್ಥೆ ಪ್ರಕಟಿಸಿದ ವರದಿಯೊಂದು ಈ ವ್ಯತ್ಯಾಸವನ್ನೇ ಅಳೆಯಿತು. ಅಗ್ನಿಶಾಮಕರ ಕೆಲಸದ ಗದ್ದಲದ ನಡುವೆ, ಒಂದೇ ವ್ಯಂಜನದಲ್ಲಿ ಭೇದವಿರುವ ಇಂಗ್ಲಿಷ್ ಪದಗಳನ್ನು ಕೇಳಿಸಿ, ಕೇಳಿದ್ದು ಯಾವ ಪದ ಎಂದು ಗುರುತಿಸಲು ಹೇಳಿತು. ಕೆಲವು ಗದ್ದಲಗಳಲ್ಲಿ ಅನಲಾಗ್, ಡಿಜಿಟಲ್ ಎರಡೂ ಸರಿಸಮವಾಗಿದ್ದವು. ಕೆಲವದರಲ್ಲಿ ಅನಲಾಗ್ ಮುಂದಿತ್ತು. ಇನ್ನು ಕೆಲವು ಕಡೆ ಯಾವುದೂ ನಿಲ್ಲಲಿಲ್ಲ. ಕಾರಣ ಮಾತನ್ನು ಅಂಕಿಗಳಾಗಿ ಹಿಂಡುವ ಕೋಡೆಕ್‌ನ ಒಳಗಿದೆ. ಅದು ಸದ್ದನ್ನು ನಕಲು ಮಾಡುವುದಿಲ್ಲ. ಮನುಷ್ಯನ ಕಂಠದ ಒಂದು ಮಾದರಿಯನ್ನು ಇಟ್ಟುಕೊಂಡು, ಬಂದದ್ದು ಯಾವ ಶ್ರುತಿ, ಯಾವ ರೋಹಿತ ಎಂದು ಅಂದಾಜಿಸಿ ಅಂದಾಜನ್ನಷ್ಟೇ ಕಳಿಸುತ್ತದೆ. ಪಕ್ಕದಲ್ಲಿ ಗರಗಸ ಕೂಗಿದರೆ ಅಂದಾಜು ತಪ್ಪುತ್ತದೆ. ಆ ಪರೀಕ್ಷೆಯ ಕೋಡೆಕ್ ಪಿ25 ಎಂಬ ಡಿಜಿಟಲ್ ರೇಡಿಯೊ ಪದ್ಧತಿಯದು. ಹವ್ಯಾಸಿಗಳು ಬಳಸುವ ಎಂಬ್ (AMBE) ಕೋಡೆಕ್ ಅದೇ ಮನೆತನದ್ದಾದರೂ ಅದೇ ಅಲ್ಲ. ಗದ್ದಲ ತಗ್ಗಿಸುವ ತಂತ್ರಗಳೂ ಆಮೇಲೆ ಸುಧಾರಿಸಿವೆ. ಆದ್ದರಿಂದ 2008ರ ಫಲಿತಾಂಶವನ್ನು ಇಂದಿನ ಡಿಎಂಆರ್ ಹ್ಯಾಂಡಿಯ ಮೇಲೆ ನೇರವಾಗಿ ಹೊರಿಸುವಂತಿಲ್ಲ. ಪ್ರಶ್ನೆಯನ್ನು ಮಾತ್ರ ಹೊರಿಸಬಹುದು.

ಆ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದರೆ ಅದರ ರೂಪವೇ ಬದಲಾಗುತ್ತದೆ. ಡಿಎಂಆರ್‌ನಲ್ಲಿ ಮಾತನ್ನು 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಲಾಗುತ್ತದೆ. ಒಂದು ತುಣುಕಿನ ಧ್ವನಿಗೆ ಸಿಗುವುದು 49 ಬಿಟ್, ತಪ್ಪು ತಿದ್ದುವ ಬಿಟ್‌ಗಳು ಸೇರಿ 72. ಇಂಥ ಮೂರು ತುಣುಕುಗಳು, ಎಂದರೆ 60 ಮಿಲಿಸೆಕೆಂಡಿನ ಮಾತು, ಒಂದೇ ಕಂತಿನಲ್ಲಿ ಹೋಗುತ್ತವೆ. ಕಂತು ದಾರಿಯಲ್ಲಿ ಹಾಳಾದರೆ ಮೂರೂ ಒಟ್ಟಿಗೆ ಹಾಳು. ಆಗ ಕೋಡೆಕ್ ಹಿಂದಿನ ತುಣುಕನ್ನೇ ಮತ್ತೊಮ್ಮೆ ನುಡಿದು ತೂತು ಮುಚ್ಚುತ್ತದೆ. ನಷ್ಟ ಮುಂದುವರಿದರೆ ಬಾಯಿ ಮುಚ್ಚುತ್ತದೆ. ಅನಲಾಗ್ ಎಫ್‌ಎಂನಲ್ಲಿ ಸಂಕೇತ ಕುಗ್ಗಿದಂತೆ ಗೊರಗೊರ ಏರುತ್ತದೆ, ಮಾತು ಅದರಡಿಯಲ್ಲಿ ತೇಲುತ್ತಲೇ ಇರುತ್ತದೆ. ಪಳಗಿದ ಕಿವಿ ಅದನ್ನು ಹೆಕ್ಕಿ ತೆಗೆಯುತ್ತದೆ.

ಈಗ ಕನ್ನಡದ ಲಕ್ಷಣ ನೋಡೋಣ. ಲಕಾರ ಳಕಾರ, ನಕಾರ ಣಕಾರ, ತಕಾರ ಟಕಾರಗಳ ಭೇದ ನಮಗೆ ಅರ್ಥಭೇದ. ಳ, ಣ, ಟದಂಥ ಮೂರ್ಧನ್ಯದ ಗುರುತು ಹೆಚ್ಚಾಗಿ ಇರುವುದು ಅದರ ಹಿಂದಿನ ಸ್ವರ ನಾಲಿಗೆಯ ಮಡಿಕೆಯ ಕಡೆಗೆ ಜಾರುವ ಕೆಲವು ಹತ್ತು ಮಿಲಿಸೆಕೆಂಡುಗಳಲ್ಲಿ, ಮೂರನೆಯ ಅನುರಣನ ತಗ್ಗುವುದರಲ್ಲಿ. ಹಾಗೆಯೇ ಬಳಿ, ಬಳ್ಳಿ ಎಂಬಲ್ಲಿ ಭೇದವಿರುವುದು ವ್ಯಂಜನ ಹಿಡಿದು ನಿಲ್ಲುವ ಕಾಲದಲ್ಲಿ. 60 ಮಿಲಿಸೆಕೆಂಡ್ ಕಳೆದುಹೋಗಿ ಆ ಜಾಗದಲ್ಲಿ ಹಿಂದಿನ ತುಣುಕೇ ಮರುನುಡಿದರೆ ಇವೆರಡೂ ಕದಡಿಹೋಗಬಹುದು. ಇದರಿಂದ ನಾನು ಮಾಡುವ ಪ್ರತಿಪಾದನೆ ಹೀಗಿದೆ: ಇಂಗ್ಲಿಷ್ ಪದಗಳ ಮೇಲೆ ನಡೆದ ಸ್ಪಷ್ಟತೆಯ ಪರೀಕ್ಷೆಯಲ್ಲಿ ಪಾಸಾದ ಕೋಡೆಕ್ ಕನ್ನಡಕ್ಕೂ ಸಾಕು ಎಂದು ಭಾವಿಸಲು ಆಧಾರವಿಲ್ಲ, ದುರ್ಬಲ ಸಂಕೇತದಲ್ಲಿ ಕನ್ನಡದ ಮೂರ್ಧನ್ಯಗಳೂ ಒತ್ತಕ್ಷರಗಳೂ ಮೊದಲು ಸಾಯುವ ಸಂಭವವಿದೆ.

'ಸಂಭವ' ಎಂಬ ಪದವನ್ನು ಯೋಚಿಸಿಯೇ ಬಳಸಿದ್ದೇನೆ. ಇದು ಕೋಡೆಕ್‌ನ ರಚನೆಯಿಂದ ಹೊರಟ ತರ್ಕ, ಅಳತೆಯಲ್ಲ. ಸಂಕೇತ ಗಟ್ಟಿಯಾಗಿರುವಾಗ ಇದೇ ಕೋಡೆಕ್ ಕನ್ನಡವನ್ನು ಚೆನ್ನಾಗಿಯೇ ದಾಟಿಸಬಹುದು. ಅನಲಾಗ್ ವಾಹಿನಿಯೂ ಸುಮಾರು 3 ಕಿಲೋಹರ್ಟ್ಸ್‌ನಾಚೆಗಿನದನ್ನು ಕತ್ತರಿಸುತ್ತದೆ, ಅದೇನೂ ಕನ್ನಡದ ಪಕ್ಷಪಾತಿಯಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮಾತಿಗೆ ಸಂದರ್ಭದ ಬಲವಿದೆ. "ಶಿಬಿರಕ್ಕೆ ಇಪ್ಪತ್ತು ಲೀಟರ್ ಹಾಲು ಬೇಕು" ಎಂದವನ ಹಾಲು ಹಾಳಾಗಿ ಕೇಳಿದರೂ ಯಾರೂ ತಪ್ಪು ತಿಳಿಯುವುದಿಲ್ಲ.

ಸಂದರ್ಭದ ಬಲವಿಲ್ಲದ ಪದಗಳೂ ಇವೆ, ವಿಪತ್ತಿನ ಸಂದೇಶಗಳಲ್ಲಿ ತುಂಬಿಕೊಂಡಿರುವುದು ಅವೇ: ಊರ ಹೆಸರು, ಮನುಷ್ಯರ ಹೆಸರು. ಹಾಸನ ಜಿಲ್ಲೆಯಲ್ಲಿ ಬೇಲೂರು ಇದೆ. ಕುಂದಾಪುರದ ಕಡೆ ಬೇಳೂರು ಇದೆ. ಹ್ಯಾಮ್‌ಗಳ ಸಾಮೂಹಿಕ ಸಂವಾದವಾದ ನೆಟ್ ಅನ್ನು ನಡೆಸುವ ನೆಟ್ ಕಂಟ್ರೋಲ್‌ನಲ್ಲಿ ಕುಳಿತವನಿಗೆ ಅನುಮಾನ ಬಂದು "ಕಾಗುಣಿತ ಹೇಳಿ" ಎಂದರೆ ಬರುವ ಉತ್ತರ ಬ್ರಾವೋ, ಎಕೋ, ಲಿಮಾ, ಯೂನಿಫಾರ್ಮ್, ರೋಮಿಯೋ. ಎರಡು ಊರಿಗೂ ಅದೇ ಉತ್ತರ. ಅಂತರರಾಷ್ಟ್ರೀಯ ಕಾಗುಣಿತ ಪಟ್ಟಿ ರೋಮನ್ ಲಿಪಿಯ 26 ಅಕ್ಷರಗಳಿಗಾಗಿ ಹುಟ್ಟಿದ್ದು. ಅದರಲ್ಲಿ ಳಕಾರಕ್ಕೆ ಜಾಗವಿಲ್ಲ. ಅನುಭವಿ ಹ್ಯಾಮ್ ತಾಲ್ಲೂಕು, ಜಿಲ್ಲೆ ಸೇರಿಸಿ ಹೇಳಿ ಬಚಾವಾಗುತ್ತಾನೆ, ನಿಜ. ಆದರೆ ನೂರು ಜನರ ಪಟ್ಟಿ ಓದುವಾಗ ಮೂವತ್ತನೆಯ ಹೆಸರಿನ ಹೊತ್ತಿಗೆ ಆ ಎಚ್ಚರ ಸಡಿಲುತ್ತದೆ.

ಡಿಜಿಟಲ್ ಬರಹದ ಅಗತ್ಯ ಎದ್ದು ಕಾಣುವುದು ಈ ಪಟ್ಟಿಯಲ್ಲಿಯೇ. 2017ರಲ್ಲಿ ಮರಿಯಾ ಚಂಡಮಾರುತ ಪೋರ್ಟೊರಿಕೊವನ್ನು ಕೆಡವಿದಾಗ ಅಮೆರಿಕದ ರೆಡ್‌ಕ್ರಾಸ್ 50 ಹ್ಯಾಮ್‌ಗಳ ನೆರವು ಕೇಳಿತು, 22 ಮಂದಿ ಹೋದರು. ಅವರನ್ನು ಕರೆಸಿಕೊಂಡ ಮೂಲ ಉದ್ದೇಶ ಬದುಕುಳಿದವರ ವಿವರಗಳನ್ನು ಹೊರಗೆ ಮುಟ್ಟಿಸುವುದು, ಎಂದರೆ ಪಟ್ಟಿಯ ಕೆಲಸ. ಒಂದು ಹೆಸರು, ವಯಸ್ಸು, ಊರನ್ನು ಓದಿ, ಎದುರಿನವರಿಂದ ಮರಳಿ ಓದಿಸಿಕೊಳ್ಳಲು ಅರ್ಧ ನಿಮಿಷ ಎಂದಿಟ್ಟುಕೊಂಡರೂ ನೂರು ಹೆಸರಿಗೆ 50 ನಿಮಿಷ. ರೋಮನ್‌ನಲ್ಲಿ ಒಂದೊಂದು ನಮೂದಿಗೆ 60 ಅಕ್ಷರದಂತೆ ಅದೇ ಪಟ್ಟಿಗೆ 48,000 ಬಿಟ್. ಹಳೆಯ ಪ್ಯಾಕೆಟ್ ರೇಡಿಯೊದ 1200 ಬಿಟ್ ವೇಗದಲ್ಲಿ ಬರಿಯ ಲೆಕ್ಕಕ್ಕೆ 40 ಸೆಕೆಂಡ್. ಪೊಟ್ಟಣದ ವಿಳಾಸ, ರಸೀತಿ, ಮರುರವಾನೆ ಸೇರಿ ಮೂರು ಪಟ್ಟಾದರೂ ಎರಡು ನಿಮಿಷ. ಪೊಟ್ಟಣ ತಪ್ಪಾಗಿ ಬಂದರೆ ಯಂತ್ರವೇ ಅದನ್ನು ತಿರಸ್ಕರಿಸಿ ಮತ್ತೆ ಕೇಳುತ್ತದೆ. ಕೋಡೆಕ್‌ನಂತೆ ಅಂದಾಜು ಕಟ್ಟಿ ತೂತು ಮುಚ್ಚುವುದಿಲ್ಲ. ನನ್ನ ವಾದದ ತಿರುಳೂ ಇದೇ.

ನನ್ನ ಪಕ್ಷದಲ್ಲೂ ಒಂದು ಮುಳ್ಳಿದೆ. ಪಟ್ಟಿಯನ್ನು ರೋಮನ್ ಅಕ್ಷರದಲ್ಲಿ ಟೈಪಿಸಿದರೆ ಬೇಳೂರು ಮತ್ತೆ ಬೇಲೂರಾಗುತ್ತದೆ. ಡಿಜಿಟಲ್ ಬರಹ ಆ ತಪ್ಪನ್ನು ಒಂದಿನಿತೂ ಕೆಡದಂತೆ ಮುಟ್ಟಿಸುತ್ತದೆ, ಅಷ್ಟೆ. ಕನ್ನಡ ಲಿಪಿಯಲ್ಲೇ ಕಳಿಸಬೇಕು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. 'ಬೇಳೂರು' ಬರೆಯಲು ಬ, ಏತ್ವ, ಳ, ದೀರ್ಘ ಕೊಂಬು, ರ, ಕೊಂಬು ಎಂದು ಆರು ಚಿಹ್ನೆ, 18 ಬೈಟ್. ಬಾಬ್ ಬ್ರುನಿಂಗಾ ರೂಪಿಸಿದ ಪ್ಯಾಕೆಟ್ ಪದ್ಧತಿಯಾದ ಎಪಿಆರ್‌ಎಸ್‌ನಲ್ಲಿ ಒಂದು ಸಂದೇಶಕ್ಕೆ 67 ಅಕ್ಷರದ ಮಿತಿ. ಅದನ್ನು ಬೈಟ್ ಎಂದು ಎಣಿಸಿದರೆ ಕನ್ನಡಕ್ಕೆ 22 ಚಿಹ್ನೆ ಉಳಿಯುತ್ತದೆ, ಊರು, ತಾಲ್ಲೂಕಿನ ಹೆಸರು ಹಾಕುವಷ್ಟರಲ್ಲಿ ತುಂಬಿಹೋಗುತ್ತದೆ. 2017ರಲ್ಲಿ ಬಂದ ಡಿಜಿಟಲ್ ಬರಹದ ವಿಧಾನ ಎಫ್‌ಟಿ8 ಅತಿ ದುರ್ಬಲ ಸಂಕೇತದಲ್ಲೂ ದಾಟುತ್ತದೆ, ಆದರೆ ಅದರ ಮುಕ್ತ ಬರಹಕ್ಕೆ 13 ಅಕ್ಷರವೇ ಗರಿಷ್ಠ, ಕನ್ನಡ ಅದರ ಅಕ್ಷರಗಣದಲ್ಲೇ ಇಲ್ಲ. ವಿನ್‌ಲಿಂಕ್ ಇಮೇಲ್ ಪದ್ಧತಿಯ ಮೂಲಕ ಪಟ್ಟಿಯನ್ನು ಕಡತವಾಗಿ ಲಗತ್ತಿಸಿದರೆ ಈ ತೊಡಕು ಬಹುಮಟ್ಟಿಗೆ ಕಳೆಯುತ್ತದೆ. ಅದು ಸಂದೇಶವನ್ನು ಒತ್ತಿ ಕುಗ್ಗಿಸಿ ಕಳಿಸುತ್ತದೆ. ಕನ್ನಡದ ಮೂರು ಬೈಟ್‌ಗಳಲ್ಲಿ ಮೊದಲನೆಯದು ಯಾವಾಗಲೂ ಒಂದೇ, ಎರಡನೆಯದು ಎರಡರಲ್ಲೊಂದು. ಹೀಗೆ ಮರುಕಳಿಸುವ ಬೈಟ್‌ಗಳು ಕುಗ್ಗಿಸುವಿಕೆಗೆ ಚೆನ್ನಾಗಿ ಒಗ್ಗುತ್ತವೆ.

ಆಕಾಶಕ್ಕೆ ಹಾಕಿದ ಪಟ್ಟಿ ಬಹಿರಂಗ ಎಂಬುದನ್ನೂ ಇಲ್ಲಿ ಹೇಳಬೇಕು. ದೇಶದೇಶಗಳ ನಡುವಿನ ಹವ್ಯಾಸಿ ಪ್ರಸಾರದಲ್ಲಿ ಅರ್ಥ ಮರೆಮಾಚುವ ಗೂಢಲಿಪಿಗೆ ಅವಕಾಶವಿಲ್ಲ. ಶಿಬಿರದ ಹೆಣ್ಣುಮಕ್ಕಳ, ಅನಾಥ ಮಕ್ಕಳ ವಿವರವನ್ನು ಯಾವ ಮಟ್ಟಿಗೆ ಕಳಿಸಬೇಕೆಂಬುದು ತಂತ್ರಜ್ಞಾನ ಬಗೆಹರಿಸುವ ಪ್ರಶ್ನೆಯಲ್ಲ. ನೆರವಿನ ಸಂಸ್ಥೆಗಳೊಡನೆ ಮೊದಲೇ ಕೂತು ತೀರ್ಮಾನಿಸಿಕೊಳ್ಳಬೇಕಾದದ್ದು.

ಮುಂದೆ ಆಗಬೇಕಾದ ಕೆಲಸ ಎರಡು. ಒಂದು, ಕನ್ನಡದ್ದೇ ಪದಜೋಡಿಗಳ ಶ್ರವಣ ಪರೀಕ್ಷೆ. ಅದರ ಹಿನ್ನೆಲೆ ಗದ್ದಲ ಗರಗಸದ್ದಾಗಿರದೆ ತಗಡಿನ ಮಾಡಿನ ಮೇಲೆ ಬೀಳುವ ಮಲೆನಾಡಿನ ಮಳೆಯದ್ದೂ ಜನರೇಟರಿನದ್ದೂ ಆಗಿರಬೇಕು. ಎಂಬ್‌ನ ಒಡಲು ಕಂಪನಿಯ ಸ್ವತ್ತು. ಡೇವಿಡ್ ರೋ ಬರೆದ ಕೋಡೆಕ್ 2 ಮುಕ್ತವಾಗಿದೆ, ಎಂ17 ಪದ್ಧತಿ ಅದನ್ನು ಬಳಸುತ್ತದೆ. ಆದ್ದರಿಂದ ಪರೀಕ್ಷೆಯಲ್ಲಿ ಳಕಾರ ಸೋತರೆ ಒಳಹೊಕ್ಕು ತಿದ್ದುವ ದಾರಿಯೂ ಅಲ್ಲಿ ತೆರೆದಿದೆ. ಎರಡು, ಧ್ವನಿಯ ನೆಟ್‌ಗಳಿಗಾಗಿ ಕನ್ನಡದ ಕಾಗುಣಿತ ಪಟ್ಟಿ. 'ಕಮಲದ ಕ, ಗಂಗೆಯ ಗ' ಎಂಬಂತೆ ಹೆಚ್ಚಿನ ಅಕ್ಷರಗಳಿಗೆ ಪದ ಹೊಂದಿಸುವುದು ಕಷ್ಟವಲ್ಲ. ತೊಡಕು ಬರುವುದು ಹೆಚ್ಚು ಅಗತ್ಯವಿರುವ ಕಡೆಯೇ: ಳ, ಣಗಳಿಂದ ಮೊದಲಾಗುವ ಪದ ಕನ್ನಡದಲ್ಲಿಲ್ಲ. 'ಮಳೆಯ ಳ' ಎಂದರೆ ನಡುವಿನ ಅಕ್ಷರವನ್ನು ಮತ್ತೆ ಕಿವಿಯೇ ಹಿಡಿಯಬೇಕು. ವರ್ಗ, ಸ್ಥಾನದ ಸಂಖ್ಯೆ ಹೇಳೋಣವೆಂದರೆ ಅದನ್ನು ಬಾಯಿಪಾಠ ಮಾಡಿಕೊಂಡ ಆಪರೇಟರ್‌ಗಳು ಬೇಕು. ಇವೆರಡರಲ್ಲಿ ಯಾವುದು ದುರ್ಬಲ ಸಂಕೇತದಲ್ಲಿ ಬಾಳುತ್ತದೆ ಎಂಬುದನ್ನು ನೆಟ್‌ಗಳಲ್ಲಿ ಕೂತು, ಆಡಿ, ಬರೆದುಕೊಂಡೇ ತಿಳಿಯಬೇಕು.