ಮುಚ್ಚಿದ ಬುರುಡೆಯೊಳಗೆ ಹುಡುಕಾಟ

ಮೂತ್ರಪಿಂಡ ಇರುವುದು ಸೊಂಟದ ಮೇಲೆ, ಬೆನ್ನಿನ ಕಡೆ. ಅಲ್ಲಿ ಹುಟ್ಟಿದ ಕ್ಯಾನ್ಸರ್ ತಲೆಯೊಳಗಿನ ಮಿದುಳನ್ನು ತಲುಪುವುದು ಹೇಗೆ? ದಾರಿ ನಿಮ್ಮ ಜೀವಶಾಸ್ತ್ರದ ಪುಸ್ತಕದಲ್ಲೇ ಇದೆ. ಮೂತ್ರಪಿಂಡದ ಅಭಿಧಮನಿ, ಹೃದಯದ ಬಲಭಾಗ, ಶ್ವಾಸಕೋಶ, ಮರಳಿ ಹೃದಯದ ಎಡಭಾಗ, ಅಲ್ಲಿಂದ ಕತ್ತಿನ ಅಪಧಮನಿ. ರಕ್ತದೊಡನೆ ಗಡ್ಡೆಯಿಂದ ಕಳಚಿದ ಕೋಶಗಳೂ ಇದೇ ದಾರಿ ಹಿಡಿಯುತ್ತವೆ. ಈ ರೋಗ ವೈದ್ಯರನ್ನು ದಾರಿ ತಪ್ಪಿಸಿದ್ದೂ ಉಂಟು. 1883ರಲ್ಲಿ ಜರ್ಮನಿಯ ಪಾಲ್ ಗ್ರಾವಿಟ್ಸ್ ಇದು ಮೂತ್ರಪಿಂಡದೊಳಗೆ ಸಿಕ್ಕಿಕೊಂಡ ಅಡ್ರಿನಲ್ ಗ್ರಂಥಿಯ ತುಣುಕಿನಿಂದ ಹುಟ್ಟುತ್ತದೆಂದು ಬಗೆದರು. ಆ ತಪ್ಪು ಹೆಸರು ದಶಕಗಳ ಕಾಲ ಉಳಿಯಿತು.

ಆದರೆ ಮಿದುಳಿಗೆ ಸೇರಿದ ಗಡ್ಡೆಯನ್ನು ನೋಡುವುದೆಂತು? ಕ್ಷಕಿರಣಕ್ಕೆ ಬುರುಡೆಯ ಮೂಳೆ ಕಾಣುತ್ತದೆ, ಒಳಗಿನ ಮೆದು ಅಂಗಾಂಶ ಕಾಣದು. 1918ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಬುರುಡೆಗೆ ರಂಧ್ರ ಕೊರೆದು, ಮಿದುಳಿನ ಕುಹರಗಳಿಗೆ ಗಾಳಿ ತುಂಬಿಸಿ ಚಿತ್ರ ತೆಗೆದರು. ಕುಹರ ಪಕ್ಕಕ್ಕೆ ಸರಿದಿದ್ದರೆ ಅಲ್ಲೆಲ್ಲೋ ಗಡ್ಡೆ ಇದೆಯೆಂದು ಊಹೆ. ರೋಗಿಯ ಪಾಡನ್ನು ನೀವೇ ಯೋಚಿಸಿ! 1927ರಲ್ಲಿ ಲಿಸ್ಬನ್ನಿನ ಎಗಾಸ್ ಮೋನಿಜ್ ರಕ್ತನಾಳಗಳಿಗೆ ದ್ರವ ಚುಚ್ಚಿ ಅವುಗಳ ನೆರಳು ಹಿಡಿದರು. ಇಂಥ ಪರೀಕ್ಷೆಗಳನ್ನು ತಲೆನೋವೂ ಇಲ್ಲದ ಮನುಷ್ಯನಿಗೆ, ಸುಮ್ಮನೆ ಮುನ್ನೆಚ್ಚರಿಕೆಗೆಂದು ಮಾಡುವಂತಿರಲಿಲ್ಲ.

ಹೊಸ ಬಾಗಿಲು ತೆರೆದದ್ದು ಹಾಡಿನ ತಟ್ಟೆ ಮಾರುತ್ತಿದ್ದ ಇಎಂಐ ಸಂಸ್ಥೆಯಲ್ಲಿ. ಬೀಟಲ್ಸ್ ತಂಡದ ಹಣದಿಂದಲೇ ಸ್ಕ್ಯಾನರ್ ಹುಟ್ಟಿತೆಂಬ ಮಾತು ಕೇಳಲು ಚೆನ್ನ, ಆದರೆ ಬ್ರಿಟಿಷ್ ಸರ್ಕಾರದ ಆರೋಗ್ಯ ಇಲಾಖೆಯ ಹಣವೂ ಅದರಲ್ಲಿ ಸಾಕಷ್ಟಿತ್ತು. ಅಲ್ಲಿನ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್, ತಲೆಯ ಸುತ್ತ ಹಲವು ಕೋನಗಳಿಂದ ಕ್ಷಕಿರಣ ಹಾಯಿಸಿ, ಎಷ್ಟು ಹೀರಿತೆಂಬ ಲೆಕ್ಕದಿಂದ ಗಣಕಯಂತ್ರ ಚಿತ್ರ ಕಟ್ಟುವಂತೆ ಮಾಡಿದರು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಒಬ್ಬ ಮಹಿಳೆಯ ತಲೆಯ ಚಿತ್ರ ಮೂಡಿತು. ಉದ್ದಕ್ಕೆ 80, ಅಡ್ಡಕ್ಕೆ 80, ಒಟ್ಟು 6,400 ಚೌಕಗಳು. ಚಿತ್ರದ ಚುಕ್ಕಿ ಎಣಿಸುವುದೇ ವೃತ್ತಿಯಾದ ನನಗೆ ಇದು ತೀರ ಒರಟು. ಆದರೂ ಮಿದುಳಿನ ಮುಂಭಾಗದ ಗಡ್ಡೆ ಅದರಲ್ಲಿ ಸ್ಪಷ್ಟವಾಗಿತ್ತು, ರಂಧ್ರ ಕೊರೆಯದೆ!

1973ರಲ್ಲಿ ಪಾಲ್ ಲಾಟರ್‌ಬರ್ ಕಾಂತಕ್ಷೇತ್ರದಿಂದ ಚಿತ್ರ ಪಡೆಯುವ ಮಾರ್ಗ ತೋರಿಸಿದರು; ಎಂಆರ್‌ಐ ಬಂತು. ಗಡೋಲಿನಿಯಂ ಎಂಬ ಧಾತುವಿನ ಸಂಯುಕ್ತವನ್ನು ರಕ್ತಕ್ಕೆ ಸೇರಿಸಿದರೆ, ಮಿದುಳಿನ ರಕ್ಷಣಾ ತಡೆ ಮುರಿದ ಕಡೆ ಅದು ಸೋರಿ ಹೊಳೆಯುತ್ತದೆ. ಕೆಲವೇ ಮಿಲಿಮೀಟರಿನ ಗಡ್ಡೆಯೂ ಅಡಗಿರಲಾರದು.

ಹಾಗಾದರೆ ಮೂತ್ರಪಿಂಡದ ಕ್ಯಾನ್ಸರ್ ಹರಡಿದ ಎಲ್ಲರ ತಲೆಯನ್ನೂ ನೋಡಬೇಕೆ? 2005ರ ಕೊನೆಯಿಂದ ಹೊಸ ಔಷಧಿಗಳು ಬಂದವು, ರೋಗಿಗಳ ಆಯುಸ್ಸು ಹೆಚ್ಚಿತು, ಪ್ರಶ್ನೆಯೂ ಗಟ್ಟಿಯಾಯಿತು. ಔಷಧಿ ಪ್ರಯೋಗಗಳಿಗೆ ಸೇರುವ ಮುನ್ನ ಮಿದುಳಿನ ಚಿತ್ರ ಕಡ್ಡಾಯವಾಗಿದ್ದ 1,689 ರೋಗಿಗಳ ವಿವರ 2021ರಲ್ಲಿ ಪ್ರಕಟವಾಯಿತು. 72 ಮಂದಿಯ ಮಿದುಳಿನಲ್ಲಿ, ಅವರಿಗೇ ಅರಿವಿಲ್ಲದೆ, ಗಡ್ಡೆಗಳಿದ್ದವು. ನೂರಕ್ಕೆ ಸುಮಾರು 4. ಅವರಲ್ಲಿ ಅರ್ಧದಷ್ಟು ಜನ ಒಂದು ವರ್ಷ ಬದುಕಲಿಲ್ಲ.

ನೂರಕ್ಕೆ 96 ಮಂದಿಗೆ ಏನೂ ಸಿಗದ ಪರೀಕ್ಷೆ ದುಬಾರಿಯೆಂಬುದು ಒಂದು ವಾದ. ಈ ಗಡ್ಡೆಗಳು ರಕ್ತನಾಳಗಳಿಂದ ತುಂಬಿರುತ್ತವೆ, ಹಠಾತ್ತನೆ ರಕ್ತ ಸುರಿಸಬಲ್ಲವು; ಸಣ್ಣದಿದ್ದಾಗ ಸಿಕ್ಕರೆ ನಿಖರ ವಿಕಿರಣದಿಂದ ಸುಡಬಹುದೆಂಬುದು ಇನ್ನೊಂದು. ಶ್ವಾಸಕೋಶಕ್ಕೂ ರೋಗ ಹರಡಿದವರಲ್ಲಿ ಮಿದುಳಿನ ಅಪಾಯ ಹೆಚ್ಚು. ಅವರನ್ನಾದರೂ ಮೊದಲೇ ಒಮ್ಮೆ ನೋಡುವುದು ನನಗೆ ಸರಿಯೆನಿಸುತ್ತದೆ. ಆದರೆ ತಲೆನೋವು, ಅಪಸ್ಮಾರ, ಕೈಕಾಲಿನ ಬಲಹೀನತೆ ಕಂಡಾಗಲೇ ಚಿತ್ರ ತೆಗೆಯುವ ಪದ್ಧತಿ ಈಗಲೂ ಹಲವೆಡೆ ಇದೆ.