ಕಾನು

ಮಲೆನಾಡಿನವರು ಎಲ್ಲ ಕಾಡನ್ನೂ ಕಾನು ಎನ್ನುವುದಿಲ್ಲ. ದನ ಮೇಯುವ ಜಾಗ ಬ್ಯಾಣ. ಅಡಿಕೆ ತೋಟಕ್ಕೆ ಸೊಪ್ಪು ಕೊಡುವುದು ಸೊಪ್ಪಿನ ಬೆಟ್ಟ. ವರ್ಷವಿಡೀ ಹಸಿರಾಗಿದ್ದು, ನೆಲಕ್ಕೆ ಬಿಸಿಲು ಬೀಳಗೊಡದೆ, ಒಡಲಲ್ಲಿ ನೀರಿನ ಸೆಲೆ ಇಟ್ಟುಕೊಂಡ ದಟ್ಟ ಕಾಡಿಗಷ್ಟೇ ಸೊರಬ, ಸಾಗರ, ಸಿದ್ದಾಪುರದ ಕಡೆ ಕಾನು ಎಂಬ ಹೆಸರು.

ಪದ ಬಹಳ ಹಳೆಯದು. ತಮಿಳಿನ ಸಂಗಂ ಕಾವ್ಯಗಳಲ್ಲಿ ‘ಕಾನ್’, ‘ಕಾನಮ್’ ಎಂದರೆ ಕಾಡು. ಕನ್ನಡದ ‘ಕಾನ್’ ಅದರ ಒಡಹುಟ್ಟು. ಸಂಸ್ಕೃತದ ‘ಕಾನನ’ವೂ ದ್ರಾವಿಡದಿಂದಲೇ ಹೋದದ್ದೆಂದು ಹೇಳುವ ಭಾಷಾಶಾಸ್ತ್ರಜ್ಞರಿದ್ದಾರೆ. ಹಾಗಿದ್ದರೆ, ನಮ್ಮ ಕವಿಗಳ ‘ಕಾನನ’ ಪಟ್ಟೆಸೀರೆಯುಟ್ಟು ತವರಿಗೆ ಮರಳಿದ ಮಗಳು.

ಎಲ್ಲ ಕಾಡಿಗೂ ಸಲ್ಲುತ್ತಿದ್ದ ಈ ಪದ ಮಲೆನಾಡಿನಲ್ಲಿ ಒಂದು ಬಗೆಯ ಕಾಡಿಗೆ ಸೀಮಿತವಾದದ್ದಕ್ಕೆ ಅಲ್ಲಿನ ಬದುಕೇ ಕಾರಣವೆಂದು ನನಗನ್ನಿಸುತ್ತದೆ. ಕಾಳುಮೆಣಸು, ದಾಲ್ಚಿನ್ನಿ, ಉಪ್ಪಾಗೆ, ಜೇನು, ಬೈನೆ ಕಳ್ಳು ಕಾನಿನಿಂದ ಬರುತ್ತಿದ್ದವು. ಕೆಳಗಿನ ಗದ್ದೆ ತೋಟಗಳಿಗೆ ನೀರೂ ಅಲ್ಲಿಂದಲೇ. ಕುಮರಿ ಬೇಸಾಯಕ್ಕೆ ಕಾಡು ಕಡಿಯುತ್ತಿದ್ದ ಕಾಲದಲ್ಲೂ ಕಾನಿಗೆ ಕೊಡಲಿ ಹಾಕುತ್ತಿರಲಿಲ್ಲ. ಒಳಗೆ ಚೌಡಿಯೋ ಭೂತಪ್ಪನೋ ಇದ್ದು ಊರಿನ ಪೂಜೆ ಪಡೆಯುತ್ತಿದ್ದರು.

‘ಅರಣ್ಯ’ದ ಹುಟ್ಟು ಬೇರೆ. ಅದರ ಬೇರು ವೇದಭಾಷೆಯ ‘ಅರಣ’. ದೂರದ, ಪರಕೀಯ ಎಂದರ್ಥ. ಅರಣ್ಯವೆಂದರೆ ಊರಾಚೆಯ ನೆಲ. ಕಾನು ಊರಿನದೇ ಒಂದು ಭಾಗ. ಕಾಡು ನೋಡಿಕೊಳ್ಳುವ ಸರ್ಕಾರಿ ಇಲಾಖೆಗೆ ಅರಣ್ಯ ಎಂಬ ಹೆಸರೇ ಬಂತು, ಅದರೊಡನೆ ದೂರವೂ ಬಂತು.

1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಬ್ರಿಟಿಷ್ ಸರ್ಕಾರದ ಅಧಿಕಾರಿಗಳು ಸೊರಬ ತಾಲ್ಲೂಕಿನಲ್ಲಿ 171 ಕಾನುಗಳನ್ನು ದಾಖಲಿಸಿದರು. ಒಟ್ಟು ವಿಸ್ತಾರ 32 ಸಾವಿರ ಎಕರೆಗೂ ಹೆಚ್ಚು. ಮುಂದೆ ಸರ್ಕಾರದ ಹಿಡಿತ ಬಿಗಿಯಾದಂತೆ ಊರಿನವರ ಹಕ್ಕು ಸಡಿಲವಾಯಿತು. ಹಕ್ಕು ಹೋದಲ್ಲಿ ಕಾಯುವ ಹೊಣೆಯೂ ಉಳಿಯಲಿಲ್ಲ. ಆಮೇಲೆ ಪ್ಲೈವುಡ್ ಕಾರ್ಖಾನೆಗಳಿಗಾಗಿ ನಿತ್ಯಹರಿದ್ವರ್ಣದ ಮರಗಳು ಉರುಳಿದವು, ಅಂಚುಗಳು ಒತ್ತುವರಿಯಾದವು.

ಆದರೂ ಪದ ಸಾಯಲಿಲ್ಲ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 79ನೇ ಕಲಂ, ಹಳೆ ಮೈಸೂರು ಪ್ರದೇಶದ ಕಾನು ಮತ್ತು ಸೊಪ್ಪಿನ ಬೆಟ್ಟಗಳ ಸವಲತ್ತನ್ನು ಹೆಸರೆತ್ತಿಯೇ ಹೇಳುತ್ತದೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ವಿಜ್ಞಾನವನ್ನೂ ಮುಟ್ಟಿತು. ಅಲ್ಲಿನ ರಾಮಪತ್ರೆ ಜಡ್ಡಿ ಎಂಬ ಜೌಗು ಕಾಡಿನಲ್ಲಿ ಕಂಡ, ಗೇರಿನ ಕುಟುಂಬದ ಹೊಸ ಮರವೊಂದನ್ನು 2000ದಲ್ಲಿ ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂದು ಕರೆದರು. ಅಳಿವಿನಂಚಿನಲ್ಲಿರುವ ಆ ಮರದ ಲ್ಯಾಟಿನ್ ಹೆಸರಿನೊಳಗೆ ಹಳ್ಳಿಯ ಮಾತು ನಿಂತಿದೆ.

ಅಳಿದುಳಿದ ಕಾನುಗಳನ್ನು ಗ್ರಾಮ ನಕ್ಷೆಯಲ್ಲಿ ಅವುಗಳ ಹೆಸರಿನಿಂದಲೇ ಗುರುತಿಸಬೇಕು. ಊರಿನವರಿಗೆ ಮೆಣಸು, ಜೇನು, ನೀರಿನ ಹಕ್ಕಿನ ಜೊತೆಗೆ ಕಾಯುವ ಹೊಣೆಯನ್ನೂ ಕೊಡಬೇಕು. ಮನುಷ್ಯರನ್ನು ಹೊರಗಿಟ್ಟು ಕಾಡು ಉಳಿಸುವುದು, ಕಾಡು ಕಡಿದು ಮನುಷ್ಯರನ್ನು ಉಳಿಸುವುದು ಇವೆರಡೇ ದಾರಿ ಎಂದು ವಾದಿಸುವವರಿಗೆ ಮಲೆನಾಡು ಮೂರನೆಯ ದಾರಿಯನ್ನು ಬಾಳಿ ತೋರಿಸಿದೆ. ಆ ದಾರಿಯ ಹೆಸರು ಕಾನು.